ಸಂಕಲನದ ಋಣ

ಹೊಸದಾಗಿ ಅಚ್ಚಾದ ಕವನಸಂಕಲನವೊಂದು ಕೈಗೆ ಬಂದಾಗ ತಾವು ಮೊದಲು ಯಾವ ಪುಟವನ್ನು ತೆರೆಯುತ್ತೀರೋ ನಾನರಿಯೆ. ಅದರಲ್ಲಿ ತನ್ನ ಪದ್ಯ ಸೇರಿರುವ ಕವಿ ಮಾತ್ರ ತೆರೆಯುವ ಪುಟ ಒಂದೇ, ಪರಿವಿಡಿ. ಅಲ್ಲಿ ತನ್ನ ಹೆಸರು ಎಷ್ಟನೆಯದು, ಮೇಲೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ, ಹೆಸರಿನ ಒತ್ತಕ್ಷರ ಸರಿಯಾಗಿ ಬಿದ್ದಿದೆಯೋ ಇಲ್ಲವೋ, ಇಷ್ಟನ್ನು ನೋಡಿದ ಮೇಲೆಯೇ ಆತನ ಜೀವ ಹಗುರಾಗುವದು. ಆಮೇಲೆ ತನ್ನ ಪದ್ಯವನ್ನು ಮೊದಲ ಸಲ ಕಂಡವನಂತೆ ಓದುತ್ತಾನೆ. ಆಮೇಲೆ ಸಂಪಾದಕರಿಗೆ ಒಂದು ಕಾಗದ ಬರೆಯುತ್ತಾನೆ. ಆ ಕಾಗದದಲ್ಲಿ 'ಚಿರಋಣಿ' ಎಂಬ ಶಬ್ದ ಇದ್ದೇ ಇರುತ್ತದೆ.

ಇಂಥ ಕಾಗದವನ್ನು ನಾನೂ ಬರೆದವನೇ. ನಮ್ಮ ಸೀಮೆಯ ಕವಿಗಳ ಪದ್ಯಗಳನ್ನು ಒಟ್ಟುಗೂಡಿಸಿದ ಒಂದು ಪುಸ್ತಕದಲ್ಲಿ ನನ್ನವೂ ಹದಿನಾರು ಸಾಲು ಸೇರಿದವು. ಹದಿನಾರರಲ್ಲಿ ಅಚ್ಚಾಗಿ ಬಂದದ್ದು ಹನ್ನೆರಡು. ಉಳಿದ ನಾಲ್ಕು ದಾರಿಯಲ್ಲಿ ಎಲ್ಲಿಯೋ ಉದುರಿದ್ದವು. ಓದಿದ ಗೆಳೆಯರು "ಪದ್ಯ ಭಾಳ ಚೊಲೋ ಕಡೆ ಮುಗದೈತಿ ನೋಡ್ರಿ" ಎಂದರು. ಆದುದರಿಂದ ನಾನು ಆ ವಿಷಯವನ್ನು ಎತ್ತುವ ಗೊಡವೆಗೆ ಹೋಗಲಿಲ್ಲ. ಎರಡು ಗೌರವಪ್ರತಿ ಬಂದಿದ್ದವು. ಒಂದನ್ನು ಮನೆಯಲ್ಲಿಟ್ಟುಕೊಂಡು, ಇನ್ನೊಂದನ್ನು ಯಾರಿಗೆ ಕೊಡಬೇಕೆಂದು ಎಂಟು ದಿನ ಯೋಚಿಸಿದೆ. ಸಂಪಾದಕರಿಗೆ ಬರೆದ ಕಾಗದದಲ್ಲಿ ವಾಡಿಕೆಯಂತೆ ಚಿರಋಣಿಯೂ ಆದೆ.

ಕಾಗದವನ್ನು ಅಂಚೆಗೆ ಹಾಕಿದ ಮೇಲೆ ಆ ಶಬ್ದ ನನ್ನ ಬೆನ್ನು ಬಿಡಲೊಲ್ಲದು. ಋಣವೆಂಬುದು ಸರಿ, ಆದರೆ ಯಾರ ಋಣ? ಪದ್ಯವನ್ನು ಆರಿಸಿದವರದೋ, ಅಚ್ಚು ಹಾಕಿದವರದೋ, ಅಥವಾ ಆ ಪದ್ಯ ನನ್ನ ಬಾಯಿಗೆ ಬರುವ ಮೊದಲು ಅದರ ಧಾಟಿಯನ್ನು ಕಾಯ್ದುಕೊಂಡು ಬಂದವರದೋ? ನಾನು ಮಾಸೂರಿನವನು. ಈ ಪ್ರಶ್ನೆ ಕೇಳಿಕೊಳ್ಳುವದಕ್ಕೆ ಅದಕ್ಕಿಂತ ತಕ್ಕ ಊರು ಕನ್ನಡನಾಡಿನಲ್ಲಿ ಇರಲಾರದು.

ಮಾಸೂರು ಹಿರೇಕೆರೂರಿನ ಸೀಮೆಯ ಊರು. ಹಿಂದೆ ಧಾರವಾಡ ಜಿಲ್ಲೆಯಲ್ಲಿತ್ತು, 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಶಿಕಾರಿಪುರದ ಕಡೆಯಿಂದ ಇಳಿದು ಬರುವ ಕುಮುದ್ವತಿ ಹೊಳೆ ನಮ್ಮ ನೆಲವನ್ನು ಹಾಯ್ದು ತುಂಗಭದ್ರೆಯ ಕಡೆಗೆ ಹೋಗುತ್ತದೆ. ಅದೇ ಹೊಳೆಗೆ ಹಿಂದಿನವರು ಕಟ್ಟಿದ ಮಡಗದ ಕೆರೆ ಇದೆ. ಆದರೆ ಹೊರಗಿನವರಿಗೆ ಮಾಸೂರು ಗೊತ್ತಿರುವದು ಹೊಳೆಯಿಂದಲ್ಲ, ಕೆರೆಯಿಂದಲೂ ಅಲ್ಲ. ಸರ್ವಜ್ಞನ ಊರು ಎಂದರೆ ಸಾಕು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಒಂದು ವಚನ ಹೇಳಿ ಮುಗಿಸುವವರೆಗೆ ನಮ್ಮ ಕಡೆ ಮುಖ ತಿರುಗಿಸುತ್ತಾರೆ.

ಸರ್ವಜ್ಞನ ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮನೆತನದ ಮಾಳಿ ಎಂದು ಹೇಳಿಕೆ. ಆತನ ಹೆಸರಿನಲ್ಲಿರುವ ಪದಗಳೇ ಈ ಕಥೆಯನ್ನು ಹೇಳುತ್ತವೆ. ಈ ಜನನದ ಪದಗಳು ಹಿಂದಿನಿಂದ ಬಂದು ಸೇರಿಕೊಂಡವು ಎಂದು ವಾದಿಸುವ ಪಂಡಿತರೂ ಇದ್ದಾರೆ. ಕಾಲದ ವಿಷಯದಲ್ಲಿಯೂ ಒಮ್ಮತವಿಲ್ಲ. ಹದಿನಾರನೆಯ ಶತಮಾನವೆನ್ನುವವರು ಕೆಲವರು, ಹದಿನೇಳನೆಯದೆನ್ನುವವರು ಹಲವರು. ಊರಿನ ವಿಷಯದಲ್ಲಿ ಮಾಸೂರಿಗೂ ಅಬಲೂರಿಗೂ ಇರುವ ಅಭಿಮಾನದ ಜಗ್ಗಾಟವನ್ನು ನಾನು ಇಲ್ಲಿ ಬಿಡಿಸುವವನಲ್ಲ. ತಂದೆಯ ಊರು ಒಂದು, ತಾಯಿಯ ಊರು ಇನ್ನೊಂದು. ಮಗನ ಮೇಲೆ ಎರಡಕ್ಕೂ ಹಕ್ಕಿದ್ದೇ ಇದೆ. ಅಬಲೂರಿಗೆ ಏಕಾಂತದ ರಾಮಯ್ಯನ ಹಿರಿಮೆ ಬೇರೆ ಉಂಟು. ನಮಗಾದರೋ ಇರುವವನು ಒಬ್ಬನೇ ಸರ್ವಜ್ಞ, ಆದುದರಿಂದ ನಾವು ತುಸು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಇಷ್ಟು ಮಾತ್ರ ನಿಜ: ಈ ಮನುಷ್ಯ ಪುಸ್ತಕ ಮಾಡಿದವನಲ್ಲ. ಯಾವ ಅರಸನ ಓಲಗದಲ್ಲಿಯೂ ಆತನಿಗೆ ಪೀಠವಿರಲಿಲ್ಲ. ತಿರಿದು ಉಂಡು, ಊರೂರು ಅಲೆದು, ಕಂಡದ್ದನ್ನು ಕಂಡಲ್ಲಿಯೇ ಮೂರು ಸಾಲಿನಲ್ಲಿ ಹೇಳಿ ಹೋದನೆಂದು ಜನ ನಂಬಿಕೊಂಡು ಬಂದಿದ್ದಾರೆ. ಹಾಗಿದ್ದರೆ ಆ ಪದಗಳು ಇಲ್ಲಿಯವರೆಗೆ ಬಂದದ್ದು ಹೇಗೆ? ಇಲ್ಲಿ ನಾವು ತ್ರಿಪದಿ ಎಂಬ ಪಾತ್ರೆಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಬೇಕು.

ತ್ರಿಪದಿ ನಮ್ಮ ನಾಡಿನ ಬಹು ಹಳೆಯ ಅಳತೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಕ್ರಿ.ಶ. 700ರ ಸುಮಾರಿಗೆ, ಅದು ಕಲ್ಲಿನಲ್ಲಿಯೇ ಕಾಣಸಿಗುತ್ತದೆ. ಮೂರು ಸಾಲು, ಮೊದಲೆರಡರಲ್ಲಿ ನಾಲ್ಕು ನಾಲ್ಕು ಗಣ, ಕೊನೆಯದರಲ್ಲಿ ಮೂರು, ಕೂಡಿದರೆ ಹನ್ನೊಂದು. ಇವುಗಳಲ್ಲಿ ಆರನೆಯದೂ ಹತ್ತನೆಯದೂ ಗಿಡ್ಡ ಗಣ, ಉಳಿದವು ಉದ್ದ. ಶಾಸ್ತ್ರ ಇಷ್ಟೇ. ಶಾಸ್ತ್ರ ಓದದ ಹೆಣ್ಣುಮಗಳಿಗೆ ಇದು ಬೀಸುವ ಕಲ್ಲಿನ ಸುತ್ತಿನಿಂದಲೇ ಗೊತ್ತು. ಕಲ್ಲು ತಿರುಗುವ ಓಟಕ್ಕೆ ಸಾಲು ಸರಿಹೋಗುತ್ತದೆ, ಕಾಳು ಹಾಕುವಾಗ ಗಿಡ್ಡ ಗಣ ಬಂದು ಕೈಗೆ ಬಿಡುವು ಕೊಡುತ್ತದೆ ಎಂದು ನನಗೆ ಅನ್ನಿಸಿದ್ದುಂಟು. ಛಂದಸ್ಸಿನ ಪಂಡಿತರು ಒಪ್ಪಲಿಕ್ಕಿಲ್ಲ. ಅದು ಹೇಗೇ ಇರಲಿ, ಗಿಡ್ಡದಾದ, ಹಾಡಿಗೆ ಹೊಂದುವ, ಒಮ್ಮೆ ಕೇಳಿದರೆ ನಿಲ್ಲುವ ಈ ಅಳತೆಯನ್ನು ಸರ್ವಜ್ಞ ಆರಿಸಿಕೊಂಡದ್ದರಿಂದಲೇ ಆತನ ಮಾತು ಓಲೆಗರಿಯ ದಾರಿಯನ್ನು ಕಾಯಲಿಲ್ಲ. ಒಕ್ಕಲಿಗನ ಕಣದಲ್ಲಿ, ಹಳ್ಳಿಯ ಕಟ್ಟೆಯ ಮೇಲೆ, ಸಾಲಿಮಾಸ್ತರರ ಬಾಯಲ್ಲಿ, ಜಗಳದ ನಡುವೆ ಕೂಡ ಅದು ಬದುಕಿತು. ಜಗಳದಲ್ಲಿ ಸರ್ವಜ್ಞನ ವಚನ ಎತ್ತಿದವನ ಮಾತಿಗೆ ಎದುರಾಳಿ ಒಂದು ಕ್ಷಣವಾದರೂ ಸುಮ್ಮನಾಗಲೇಬೇಕಲ್ಲವೇ?

ಹೊರನಾಡಿನವರ ಕಿವಿಗೂ ಅದು ಬಿದ್ದಿತ್ತು. ಹದಿನೆಂಟನೆಯ ಶತಮಾನದ ಕೊನೆಗೂ ಹತ್ತೊಂಬತ್ತರ ಮೊದಲಿಗೂ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಆತನನ್ನು ಹೆಸರಿಸಿದ್ದಾನೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟಿನಲ್ಲಿ ಶಬ್ದಗಳ ಅರ್ಥಕ್ಕೆ ಆಧಾರವಾಗಿ ಸರ್ವಜ್ಞನ ಪದಗಳನ್ನು ಕೊಟ್ಟಿದೆ. ಆದರೂ ಆತನದೆಂದು ಜನ ಹೇಳುವದನ್ನೆಲ್ಲ ಊರೂರು ತಿರುಗಿ ಒಂದು ಕಡೆ ಕೂಡಿಹಾಕುವ ದೊಡ್ಡ ಕೆಲಸ ಇಪ್ಪತ್ತನೆಯ ಶತಮಾನದವರೆಗೆ ಹಾಗೆಯೇ ಉಳಿದಿತ್ತು.

ಅದನ್ನು ಕೈಗೆತ್ತಿಕೊಂಡವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿಗಳು. ಓಲೆಗರಿಯ ಕಟ್ಟುಗಳನ್ನು ಹುಡುಕಿದರು, ಕೈಬರಹದ ಪುಸ್ತಕಗಳನ್ನು ಬೇಡಿ ತಂದರು, ಬಾಯಿಪಾಠವಿದ್ದವರ ಮುಂದೆ ಕುಳಿತು ಬರೆದುಕೊಂಡರು. 1924ರಲ್ಲಿ 'ಸರ್ವಜ್ಞನ ವಚನಗಳು' ಹೊರಬಂದಿತು, ಎರಡು ಸಾವಿರದ ಆಸುಪಾಸಿನ ಪದಗಳೊಂದಿಗೆ. ಮೂರು ಸಾಲಿನ ಎರಡು ಸಾವಿರ ಪದ! ಒಂದೊಂದಕ್ಕೂ ಎರಡು ಮೂರು ಪಾಠಭೇದವಿದ್ದೀತು. ಯಾವುದು ಸರಿ, ಯಾವುದು ಬೆಸ, ಯಾವುದು ಬಂದದ್ದೇ ಮತ್ತೆ ಬಂದದ್ದು ಎಂದು ಆರಿಸಲಿಕ್ಕೆ ಹಿಡಿದ ರಾತ್ರಿಗಳನ್ನು ಲೆಕ್ಕ ಹಾಕಿದರೆ ನನ್ನಂಥವನ 'ಚಿರಋಣಿ' ಶಬ್ದ ಬಾಯಲ್ಲಿಯೇ ಒಣಗುತ್ತದೆ.

ಉತ್ತಂಗಿಯವರಿಗೆ 'ತಿರುಳ್ಗನ್ನಡದ ತಿರುಕ' ಎಂದು ಹೆಸರಾಯಿತು. ತಿರುಕನೆಂದರೆ ಭಿಕ್ಷುಕ. ತಿರಿದುಂಡವನ ಪದಗಳನ್ನು ಮತ್ತೊಬ್ಬ ತಿರುಕ ಮನೆಮನೆಗೆ ಹೋಗಿ ತಿರಿದು ತಂದ. ಈ ಹೆಸರು ಎಷ್ಟು ಅಂದವಾಗಿ ಹೊಂದಿದೆಯೆಂದರೆ ಇದಕ್ಕೆ ನಾನು ಇನ್ನೇನೂ ಸೇರಿಸಲಾರೆ. ಒಂದನ್ನು ಮಾತ್ರ ಹೇಳಬೇಕು. ಕ್ರೈಸ್ತ ಪಾದ್ರಿಯೊಬ್ಬರು ಶಿವನನ್ನು ನೆನೆಯುವ ಕವಿಯ ಪದಗಳಿಗಾಗಿ ಅಲೆದಾಗ ಹಳ್ಳಿಯವರು ಬಾಗಿಲು ಮುಚ್ಚಲಿಲ್ಲ. ಕೊಟ್ಟವರು ಕೊಟ್ಟರು, ಪಡೆದವರು ಪಡೆದರು. ಅದಕ್ಕೂ ಒಂದೇ ವರ್ಷ ಹಿಂದೆ, 1923ರಲ್ಲಿ, ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದಿದ್ದರು. ವಚನ ಸಾಹಿತ್ಯದ ಪ್ರಕಟಣೆಗಾಗಿ ಅವರು ಇದ್ದ ಮನೆಯನ್ನೂ ಮಾರಿದರೆಂಬುದು ತಮಗೆ ಗೊತ್ತಿದ್ದ ಮಾತೇ. ಬೆನ್ನುಬೆನ್ನಿಗೆ ಎರಡು ವರ್ಷ, ಎರಡು ಸಂಕಲನ, ಇಬ್ಬರು ಹಠವಾದಿಗಳು. ಆಗ ನಮ್ಮ ಈ ಭಾಗ ಮುಂಬಯಿ ಇಲಾಖೆಯಲ್ಲಿತ್ತು. ಕಚೇರಿಯಲ್ಲಿ ಕನ್ನಡಕ್ಕೆ ಬೆಲೆ ಅಷ್ಟಕ್ಕಷ್ಟೇ. ಅಂಥ ಹೊತ್ತಿನಲ್ಲಿ ಆದ ಕೆಲಸವಿದು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಋಣದಲ್ಲಿ ಒಂದಷ್ಟನ್ನು ತೀರಿಸಿತು. 1962ರಲ್ಲಿ ಅವರು ತೀರಿಕೊಂಡರು.

ಕೂಡಿಸುವವರಿಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸುವದಕ್ಕೆ ನಾವು ಹಿಂದಕ್ಕೆ ನೋಡಿದರೆ ಸಾಕು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲಕ್ಕೆ ಮಲ್ಲಿಕಾರ್ಜುನನೆಂಬಾತ 'ಸೂಕ್ತಿಸುಧಾರ್ಣವ'ವೆಂಬ ಸಂಕಲನ ಮಾಡಿದ. 'ಶಬ್ದಮಣಿದರ್ಪಣ' ಬರೆದ ಕೇಶಿರಾಜನ ತಂದೆ ಈತ. ಹಿಂದಿನ ಕವಿಗಳ ಕಾವ್ಯಗಳಿಂದ ಸಮುದ್ರ, ಬೆಟ್ಟ, ಪಟ್ಟಣ, ಚಂದ್ರೋದಯ ಮೊದಲಾದ ವರ್ಣನೆಗಳ ಪದ್ಯಗಳನ್ನು ಆರಿಸಿ ಇಟ್ಟ. ಹತ್ತನೆಯ ಶತಮಾನದ ಮೊದಲಿಗಿದ್ದ ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ' ಎಂಬ ಕಾವ್ಯಗಳು ಇಂದು ಇಡಿಯಾಗಿ ಸಿಕ್ಕಿಲ್ಲ. ಇಂಥ ಸಂಕಲನಗಳಲ್ಲಿಯೂ ವ್ಯಾಕರಣದ ಉದಾಹರಣೆಗಳಲ್ಲಿಯೂ ಉಳಿದ ಬಿಡಿ ಪದ್ಯಗಳೇ ಗುಣವರ್ಮನಿಗೆ ಇಂದಿನ ಆಯುಷ್ಯ. ಮನೆ ಬಿದ್ದಿದೆ, ಯಾರೋ ಎತ್ತಿಟ್ಟ ನಾಲ್ಕು ಕಂಬ ನಿಂತಿವೆ. ಗುಣವರ್ಮ ಮಲ್ಲಿಕಾರ್ಜುನನಿಗೆ ಆಭಾರದ ಕಾಗದ ಬರೆಯುವದು ಶಕ್ಯವಿರಲಿಲ್ಲ, ನಡುವೆ ಮುನ್ನೂರು ವರ್ಷ.

ಸರ್ವಜ್ಞನ ಸಂಕಲನದ ಸಂಗತಿ ಇದಕ್ಕಿಂತ ತೊಡಕಿನದು. ಅದನ್ನೇ ನಾನು ಇಂದು ಮುಖ್ಯವಾಗಿ ತಮ್ಮೆದುರಿಗೆ ಇಡಬೇಕೆಂದಿದ್ದೇನೆ.

ಹನ್ನೊಂದು ಗಣವೆಂದೆನಲ್ಲವೇ? ಸರ್ವಜ್ಞನ ಪದಗಳಲ್ಲಿ ಹನ್ನೊಂದನೆಯ ಗಣ ಆತನ ಅಂಕಿತವೇ. ಅಂದರೆ ಹತ್ತು ಗಣ ಕಟ್ಟಿದರೆ ಸಾಕು, ಹನ್ನೊಂದನೆಯದು ಯಾವಾಗಲೂ ಸಿದ್ಧವಾಗಿ ನಿಂತಿರುತ್ತದೆ. ಇಂಥ ಸೌಕರ್ಯವನ್ನು ಹಳ್ಳಿಯ ಜಾಣರು ಬಿಟ್ಟಾರೆಯೇ? ಮುನ್ನೂರು ವರ್ಷ ಕಟ್ಟಿದರು. ಗೌಡನ ಮೇಲೆ ಸಿಟ್ಟು ಬಂದವನು ಕಟ್ಟಿದ, ಅತ್ತೆಯ ಕಾಟಕ್ಕೆ ಬೇಸತ್ತವಳು ಕಟ್ಟಿದಳು, ಒಗಟು ಹಾಕಿ ನೆಂಟರನ್ನು ಸೋಲಿಸಬೇಕೆಂದವರು ಕಟ್ಟಿದರು. ಕಟ್ಟಿ, ಕೊನೆಗೆ ತಮ್ಮ ಹೆಸರನ್ನು ಇಡದೆ 'ಸರ್ವಜ್ಞ' ಎಂದು ಮುಗಿಸಿ ಕೈತೊಳೆದುಕೊಂಡರು. ಉತ್ತಂಗಿಯವರ ಜೋಳಿಗೆಗೆ ಬಿದ್ದ ಎರಡು ಸಾವಿರದಲ್ಲಿ ಮಾಸೂರಿನ ಆ ಒಬ್ಬನವು ಎಷ್ಟು, ಈ ಹೆಸರಿಲ್ಲದವರವು ಎಷ್ಟು ಎಂದು ಖಂಡಿತವಾಗಿ ಬೇರ್ಪಡಿಸುವದು ಯಾರಿಂದಲೂ ಆಗಿಲ್ಲ. ತೆಲುಗಿನ ವೇಮನನ ಪಾಡೂ ಇದೇ. 1829ರಲ್ಲಿ ಸಿ.ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ಆತನ ಪದ್ಯಗಳನ್ನು ಅಚ್ಚು ಹಾಕಿಸಿದ. ಅಂದಿನಿಂದ ಯಾವುದು ವೇಮನನದು, ಯಾವುದು ಅಲ್ಲ ಎಂಬ ಚರ್ಚೆ ನಿಂತಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದ ಮಾತಲ್ಲ. ನಮ್ಮ ಸೋದರತ್ತೆಯೊಬ್ಬಳು ಇದ್ದಳು. ಓದು ಬರಹ ಬಾರದು. ಬೆಳಗಿನ ಜಾವ ಬೀಸುವಾಗ ಹಾಡಿದ ಪದಗಳನ್ನು ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಆಕೆ ಬಿಡಲಿಲ್ಲ. ಬೀಸುವದು ಹೋಗಿ ಶೇಂಗಾ ಒಡೆಯುವಾಗ, ಕಾಳು ಹಸನು ಮಾಡುವಾಗ ಹಾಡತೊಡಗಿದಳು. ನಾನು ಕಾಲೇಜಿನಲ್ಲಿದ್ದಾಗ ಸರ್ವಜ್ಞನ ವಚನಗಳ ಪುಸ್ತಕವನ್ನು ಕೊಂಡು ತಂದು ಆಕೆಯ ಮುಂದೆ ಓದಹತ್ತಿದೆ. ನಾಲ್ಕೈದು ದಿನ ನಡೆಯಿತು ಆ ಓದು. ಒಂದೊಂದು ಪದಕ್ಕೂ ಆಕೆ ತೀರ್ಪು ಕೊಡುತ್ತಿದ್ದಳು. "ಹೂಂ, ಇದು ಐತಿ." "ಇದನ್ನ ನಮ್ಮ ಕಡೆ ಬ್ಯಾರೆ ಅಂತಾರ." "ಇದು ಎಲ್ಲಿಂದ ತಂದ್ಯೋ ತಮ್ಮಾ, ಇದು ಅವಂದಲ್ಲ ಬಿಡು." ಅಚ್ಚಾದ ಪುಸ್ತಕಕ್ಕೆ ಆಕೆಯ ಮುಂದೆ ಯಾವ ದರ್ಬಾರೂ ನಡೆಯಲಿಲ್ಲ.

ಆಮೇಲೆ ಪುಸ್ತಕದಲ್ಲಿ ಇಲ್ಲದ ಪದಗಳನ್ನು ತಾನಾಗಿ ಹೇಳಿದಳು. ಅವುಗಳಲ್ಲಿ ಒಂದು ಪದ ರೇಶನ್ ಅಂಗಡಿಯ ಸಾಲಿನ ಮೇಲೆ. ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಬಿಸಿಲಿನಲ್ಲಿ ನಿಂತವಳ ಸಿಟ್ಟು ಅದರಲ್ಲಿತ್ತು, ತೂಕ ಮಾಡುವವನ ಕೈಚಳಕ ಇತ್ತು, ಕೊನೆಗೆ ಸರ್ವಜ್ಞನ ಅಂಕಿತವೂ ಇತ್ತು. ನಮ್ಮಲ್ಲಿ ರೇಶನ್ ಎಂಬುದು ಬಂದದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ. ಸರ್ವಜ್ಞ ಎಷ್ಟೇ ಸರ್ವಜ್ಞನಾದರೂ ಚಿಮಣಿ ಎಣ್ಣೆಯನ್ನು ಕಂಡವನಲ್ಲ. ನಾನು ನಕ್ಕು ಕೇಳಿದೆ, "ಅತ್ತೀ, ಇದನ್ನ ಕಟ್ಟಿದಾಕಿ ನೀನಽ ಏನು?" ಆಕೆ ಮೊರ ಕೆಳಗಿಡದೆಯೇ ಹೇಳಿದಳು: "ಕಡೀಗೆ ಸರ್ವಜ್ಞ ಅಂತ ಐತೆಲ್ಲೋ, ಕೇಳಂಗಿಲ್ಲೇನು ನಿನಗ?"

ಅದಾದ ಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಆ ಪದ ಆಕೆಯದೋ, ಆಕೆಯ ಓಣಿಯ ಮತ್ತೊಬ್ಬಳದೋ ಇಂದಿಗೂ ನನಗೆ ತಿಳಿಯದು. ಸಂಕಲನದಲ್ಲಿ ಸೇರಿದ ನನ್ನ ಆ ಹನ್ನೆರಡು ಸಾಲಿನ ಧಾಟಿ ಮಾತ್ರ ಆಕೆಯದೆಂದು ಗೊತ್ತು. ಪರಿವಿಡಿಯಲ್ಲಿ ಇರುವದು ನನ್ನ ಹೆಸರು.

ಈ ಇಬ್ಬರನ್ನು, ಅಂದರೆ ಪರಿವಿಡಿಯಲ್ಲಿ ಹೆಸರು ಹುಡುಕುವ ನನ್ನನ್ನೂ ಹೆಸರನ್ನು ಬೇಕೆಂದೇ ಬಿಟ್ಟುಕೊಟ್ಟ ಆಕೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಕೃತಜ್ಞತೆಯ ಲೆಕ್ಕವೇ ಬೇರೆಯಾಗುತ್ತದೆ. ತಾನು ಕಟ್ಟಿದ ಒಳ್ಳೆಯ ಪದವನ್ನು ಒಬ್ಬಳು ಸರ್ವಜ್ಞನ ಹೆಸರಿಗೆ ಬರೆದುಕೊಟ್ಟಳೆಂದರೆ ಅದು ಹೆದರಿಕೆಯಿಂದ ಇದ್ದೀತು. ಹೆಣ್ಣುಮಗಳು ತೂಕದವನನ್ನು ಬೈದಳೆಂದು ಊರಲ್ಲಿ ಸುದ್ದಿಯಾಗಬಾರದಲ್ಲ. ಮಾತಿಗೆ ಬೆಲೆ ಬರಲೆಂಬ ಜಾಣತನದಿಂದಲೂ ಇದ್ದೀತು. ಆದರೆ ಅಷ್ಟೇ ಅಲ್ಲವೆಂದು ನಾನು ತಿಳಿಯುತ್ತೇನೆ. ಹೀಗೆ ಮೂರು ಸಾಲಿನಲ್ಲಿ ಬೈಯಬಹುದು, ನಗಬಹುದು ಎಂದು ಯಾರಿಂದ ಕಲಿತಳೋ ಅವನಿಗೆ ಆಕೆ ತನ್ನ ಕಾಣಿಕೆ ಸಲ್ಲಿಸಿದಳು. ನಾನು 'ಚಿರಋಣಿ' ಎಂದು ಬರೆದೆ. ಆಕೆ ಸಾಲವನ್ನು ಬಡ್ಡಿಸಹಿತ ತೀರಿಸಿ, ರಸೀತಿಯನ್ನೂ ಕೇಳಲಿಲ್ಲ.

ಹಾಗಾದರೆ ಸಂಪಾದಕರು ಇಂಥ ಪದಗಳನ್ನು ಆರಿಸಿ ಹೊರಗೆ ಹಾಕಬೇಕೋ ಬೇಡವೋ? ಪಂಡಿತರು ಹಾಕಬೇಕೆನ್ನುತ್ತಾರೆ. ಮೂಲ ಕವಿಯನ್ನು ತಿಳಿಯುವ ದೃಷ್ಟಿಯಿಂದ ಅವರ ಮಾತು ಸರಿಯೇ. ಬೇರ್ಪಡಿಸಿ ಇಡಲಿ, ಆದರೆ ಬೇರ್ಪಡಿಸಿದ್ದನ್ನು ಒಲೆಗೆ ಹಾಕದಿರಲಿ. ಪ್ರಕ್ಷಿಪ್ತವೆಂದು ಹೊರಗಾದ ಪದದ ಹಿಂದೆಯೂ ಒಬ್ಬ ಕವಿ ಇದ್ದೇ ಇದ್ದಾನೆ, ಅಥವಾ ಇದ್ದಾಳೆ. ಆ ಕವಿಗೆ ಇದ್ದ ಒಂದೇ ಪ್ರಕಟಣೆ ಅದು. 1931ರಲ್ಲಿ ಹಲಸಂಗಿಯ ಗೆಳೆಯರು ಗರತಿಯ ಹಾಡುಗಳನ್ನು ಪುಸ್ತಕವಾಗಿ ತಂದಾಗ ನಾಡಿನ ಹಿರಿಯ ಕವಿಗಳೇ ಬೆರಗಾದರು. ಸರ್ವಜ್ಞ ಹೇಳಿದ್ದೂ ಆ ಗರತಿಯರು ಹಾಡಿದ್ದೂ ಒಂದೇ ತ್ರಿಪದಿಯಲ್ಲಿ. ಗರತಿಯರಿಗೆ ಅಂಕಿತವಿಲ್ಲ, ಸರ್ವಜ್ಞನಿಗಿದೆ. ಅಷ್ಟರಿಂದಲೇ ಒಂದು 'ಜನಪದ'ವಾಯಿತು, ಇನ್ನೊಂದು 'ಕವಿವಾಣಿ'ಯಾಯಿತು. ನಡುವಿನ ಗೋಡೆ ನಾವು ತಿಳಿದಷ್ಟು ದಪ್ಪಗಿಲ್ಲ.

ಇನ್ನೊಂದು ಮಾತನ್ನು ಮರೆಮಾಚಬಾರದು. ಆ ಎರಡು ಸಾವಿರದಲ್ಲಿ ಎಲ್ಲವೂ ಚಿನ್ನವಲ್ಲ. ಕುಲದ ಹಮ್ಮನ್ನು ಕಿತ್ತೊಗೆಯುವ ಪದಗಳ ಮಗ್ಗುಲಲ್ಲಿಯೇ ಕೆಲವು ಕಸುಬಿನವರನ್ನು ಹೀಯಾಳಿಸುವ, ಹೆಣ್ಣುಮಕ್ಕಳನ್ನು ಚುಚ್ಚುವ ಪದಗಳೂ ಇವೆ. ಅವು ಯಾರವೋ? ಸರ್ವಜ್ಞನವೇ ಇದ್ದರೂ ಇದ್ದಾವು, ಆತನ ಹೆಸರಿನ ಮರೆಯಲ್ಲಿ ಕುಳಿತು ಕಲ್ಲೊಗೆದವರವೂ ಇದ್ದಾವು. ಅಂಕಿತವನ್ನು ಕಾಣಿಕೆಯಾಗಿ ಕೊಟ್ಟವರಿದ್ದಂತೆ ಗುರಾಣಿಯಾಗಿ ಹಿಡಿದವರೂ ಇದ್ದರಲ್ಲ. ನಮ್ಮ ಊರಿನ ಕವಿಯೆಂದು ನಾನು ಅವನ್ನು ಒಪ್ಪಬೇಕಾಗಿಲ್ಲ. ಸಂಕಲನಕಾರರಿಗೆ ಉಪಕಾರ ನೆನೆಯುವಾಗ ಅವರು ಕೂಡಿಸಿದ್ದೆಲ್ಲವನ್ನೂ ತಲೆಯ ಮೇಲೆ ಹೊರಬೇಕೆಂಬ ನಿಯಮವೂ ಇಲ್ಲ. ಹಾಗೆ ಹೊರುವದಾದರೆ ಮೊದಲು ಸಿಟ್ಟಾಗುವವಳು ನಮ್ಮ ಅತ್ತೆಯೇ. ಅಂಥ ಪದಗಳು ಬಂದಾಗ ಆಕೆ "ಮುಂದಿಂದು ಓದು" ಎನ್ನುತ್ತಿದ್ದಳು.

ಈಗ ಸರ್ವಜ್ಞನಿಗೆ ಮೂರ್ತಿಗಳೂ ಆಗಿವೆ, ಜಯಂತಿಯೂ ನಡೆಯುತ್ತದೆ. 2009ರ ಆಗಸ್ಟ್ 9ರಂದು ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಮೂರ್ತಿಯ ಮುಸುಕು ತೆಗೆದರು. ಹದಿನೆಂಟು ವರ್ಷ ಮುಸುಕಿನಲ್ಲಿಯೇ ಇದ್ದ ಮೂರ್ತಿ ಅದು. ನಾಲ್ಕು ದಿನಕ್ಕೆ, 13ರಂದು, ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಮೂರ್ತಿ ಅನಾವರಣವಾಯಿತು. ಎರಡು ರಾಜ್ಯಗಳ ಬಿಗಿಮೋರೆಯನ್ನು ಸಡಿಲಿಸುವದಕ್ಕೆ ಇಬ್ಬರು ಕವಿಗಳು ಬೇಕಾದರು. ಮಾಸೂರಿನವರಾದ ನಮಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಮೂರ್ತಿಯ ಕೆಳಗಿನ ಕಲ್ಲಿನಲ್ಲಿ ಉತ್ತಂಗಿಯವರಿಗೆ ಪದ ಹೇಳಿದವರ ಹೆಸರುಗಳಿಗೆ ಜಾಗವಿರುವದಿಲ್ಲ. ಎಷ್ಟು ದೊಡ್ಡ ಕಲ್ಲು ತಂದರೂ ಸಾಲಲಿಕ್ಕಿಲ್ಲ.

ಶ್ರೋತೃಗಳೇ, ತಮ್ಮ ಮನೆಯಲ್ಲಿಯೂ ಇಂಥ ಅತ್ತೆಯೋ ಅಜ್ಜಿಯೋ ಹಿರಿಯ ಕಾಕಾನೋ ಇದ್ದಾರು. ಬೀಸುವ ಕಲ್ಲು ಮೂಲೆ ಸೇರಿ ಪದಗಳಿಗೆ ಕೆಲಸವಿಲ್ಲದಾಗಿದೆ. ಕೆಲಸವಿಲ್ಲದ ಪದ ಬೇಗ ಮರೆಯುತ್ತದೆ. ಅವರು ಹೇಳಿದಾಗ ಬರೆದುಕೊಳ್ಳಿರಿ. ಕೈಯಲ್ಲಿರುವ ಫೋನಿನಲ್ಲಿ ಧ್ವನಿಯನ್ನೇ ಹಿಡಿದಿಟ್ಟರೆ ಇನ್ನೂ ಒಳಿತು, ಧಾಟಿಯೂ ಉಳಿದೀತು. ಹೇಳಿದ ಹಾಗೆಯೇ ಬರೆಯಿರಿ. 'ಐತಿ' ಎಂದದ್ದನ್ನು 'ಇದೆ' ಎಂದು ತಿದ್ದಬೇಡಿರಿ, ಗಣ ತಪ್ಪಿದ್ದರೆ ತಪ್ಪಲಿ. ಕೆಳಗೆ ಹೇಳಿದವರ ಹೆಸರು, ಊರು, ತಾರೀಖು ಹಾಕಿರಿ. ಕಟ್ಟಿದವರು ಯಾರೆಂದು ಒಂದು ಮಾತು ಕೇಳಿ ನೋಡಿರಿ. ಬಹುಮಟ್ಟಿಗೆ ಅವರು ಹೇಳಲಿಕ್ಕಿಲ್ಲ.